ಮುಂಬಯಿಯ ಕನ್ನಡ ಶಾಲೆಗೆ ಈ ಹೊಸ ಶಿಕ್ಷಣ ನೀತಿಯಿಂದ ಏನಾಗತ್ತೆ?

2025ರ ಜೂನ್ ಮುಗೀತಾ ಬಂದಿತ್ತು, ಸಾಯನ್ ಸ್ಟೇಷನ್ ಹತ್ತಿರ ಮಳೆಗೆ ಅಂಗಡಿ ಮಾಡಿನ ಕೆಳಗೆ ನಿಂತಿದ್ದೆ, ಪಕ್ಕದಲ್ಲಿ ಕಲಬುರಗಿ ಕಡೆಯ ಒಬ್ಬ ತಾಯಿ. ಅವರ ಮಗಳು ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದ್ತಾಳೆ, ಸಂಜೆ ನಾವು ನಾಲ್ಕೈದು ಜನ ಸೇರಿ ಮಕ್ಕಳಿಗೆ ಪಾಠ ಹೇಳಿಕೊಡೋ ಜಾಗಕ್ಕೂ ಬರ್ತಾಳೆ, ಹಾಗಾಗಿ ಪರಿಚಯ. ಮಹಾರಾಷ್ಟ್ರದ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಹಿಂದಿ ಬೇಕಾ ಬೇಡವಾ ಅಂತ ಟಿವಿಯಲ್ಲೆಲ್ಲಾ ಗಲಾಟೆ ನಡೀತಿದ್ದ ದಿನಗಳು ಅವು. ಅವರು ಕೇಳಿದ್ರು, "ಅಕ್ಕಾರ, ಸಾಲ್ಯಾಗ ಹಿಂದಿ ತೆಗದ್ರಂತಲ್ರಿ, ಹಂಗಾದ್ರ ನಮ್ಮ ಕನ್ನಡನೂ ತೆಗೀತಾರೇನ್ರಿ?"

ಇಲ್ಲ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಆದ್ರೆ ಅವರ ಭಯ ಪೂರ್ತಿ ಸುಳ್ಳೇನಲ್ಲ, ಅದು ಬರಬೇಕಾದ ದಿಕ್ಕು ಮಾತ್ರ ಬೇರೆ. ಕನ್ನಡ ಶಾಲೆಗೆ ಅಪಾಯ ಇರೋದು ಭಾಷೆಯ ಆದೇಶದಿಂದಲ್ಲ, ಹಾಜರಿ ಪುಸ್ತಕದಲ್ಲಿರೋ ಹೆಸರುಗಳ ಲೆಕ್ಕದಿಂದ. ಅದು ಹೇಗೆ ಅಂತ ಬುಡದಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ನೀತಿ, ಕಾಯ್ದೆ, ಜೀಆರ್: ಮೂರೂ ಬೇರೆ ಬೇರೆ

ಪೇಪರ್ ಓದುವಾಗ ತಲೆ ಕೆಡೋದು ಇಲ್ಲೇ. ನೀತಿ ಅಂದ್ರೆ ಮನೆ ಹಿರಿಯರು ಕೂತು "ಮುಂದೆ ಮನೆ ಹೀಗೆ ನಡೀಬೇಕು" ಅಂತ ಹೇಳಿದ ಹಾಗೆ, ದಾರಿ ತೋರಿಸತ್ತೆ ಆದ್ರೆ ಅದನ್ನ ಹಿಡ್ಕೊಂಡು ನೇರ ಕೋರ್ಟಿಗೆ ಹೋಗಕ್ಕಾಗಲ್ಲ. 2020ರ ಜುಲೈ 29ಕ್ಕೆ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿ, ಅಂದ್ರೆ ಎಲ್ಲರೂ ಎನ್‌ಇಪಿ ಅಂತಾರಲ್ಲ, ಅದು ಈ ಜಾತಿಯದ್ದು. ಕಾಯ್ದೆ ಅಂದ್ರೆ ಪಾರ್ಲಿಮೆಂಟ್ ಅಥವಾ ವಿಧಾನಸಭೆ ಪಾಸು ಮಾಡಿದ್ದು, ಸ್ಟಾಂಪ್ ಪೇಪರಿನ ಕರಾರಿನ ಹಾಗೆ ಗಟ್ಟಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಅಂದ್ರೆ ಆರ್‌ಟಿಇ ಅಂಥದ್ದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಎಲ್ಲಾ ಶಾಲೆಯಲ್ಲೂ ಮರಾಠಿ ಕಲಿಸಲೇಬೇಕು ಅನ್ನೋ ಮಹಾರಾಷ್ಟ್ರದ 2020ರ ಕಾಯ್ದೆಯೂ ಅಂಥದ್ದೇ.

ಇನ್ನು ಜೀಆರ್. ಸರಕಾರದ ಇಲಾಖೆ ಹೊರಡಿಸೋ ಆದೇಶ, ಸೊಸೈಟಿ ನೋಟಿಸ್ ಬೋರ್ಡಿಗೆ ಸೆಕ್ರೆಟರಿ ಅಂಟಿಸೋ ಚೀಟಿಯ ಹಾಗೆ. ಇವತ್ತು ಅಂಟಿಸ್ತಾರೆ, ಜನ ಕೂಗಾಡಿದ್ರೆ ನಾಳೆ ಕೀಳ್ತಾರೆ. ಹಿಂದಿ ವಿಷಯದಲ್ಲಿ ಆಗಿದ್ದೂ ಇದೇ, ಎರಡೂವರೆ ತಿಂಗಳೊಳಗೆ ಎರಡು ಜೀಆರ್ ಬಂದು ಎರಡೂ ಹೋದವು.

ಶಿಕ್ಷಣ 1976ರ ತಿದ್ದುಪಡಿಯಿಂದ ಕೇಂದ್ರ ರಾಜ್ಯ ಇಬ್ಬರ ಪಟ್ಟಿಯಲ್ಲೂ ಇದೆ, ಅದಕ್ಕೇ ಒಬ್ಬರು ನೀತಿ ಮಾಡ್ತಾರೆ, ಇನ್ನೊಬ್ಬರು ಜೀಆರ್ ಹೊರಡಿಸ್ತಾರೆ, ಮಧ್ಯೆ ಮಹಾನಗರಪಾಲಿಕೆ ಶಾಲೆ ನಡೆಸತ್ತೆ.

5+3+3+4 ಅಂದ್ರೆ ಏನು

ಹಳೇ ಲೆಕ್ಕ 10+2. ಅದರಲ್ಲಿ ಎಣಿಕೆ ಒಂದನೇ ತರಗತಿಯಿಂದ ಶುರು. ಬಾಲವಾಡಿ, ಅಂಗನವಾಡಿ, ಕೇಜಿ ಇವೆಲ್ಲಾ ಲೆಕ್ಕಕ್ಕೇ ಇರಲಿಲ್ಲ, ಚಾಳಿನ ಮಹಡಿ ಎಣಿಸುವಾಗ ನೆಲಮಹಡಿ ಬಿಟ್ಟು ಎಣಿಸ್ತೀವಲ್ಲ ಹಾಗೆ. ಹೊಸ ನೀತಿ ಆ ನೆಲಮಹಡಿಯನ್ನೂ ಸೇರಿಸಿ ಎಣಿಸತ್ತೆ. 3ರಿಂದ 6 ವರ್ಷದ ಬಾಲವಾಡಿಯ ಮೂರು ವರ್ಷ, ಜೊತೆಗೆ ಒಂದು ಎರಡನೇ ತರಗತಿ, ಒಟ್ಟು 5. ಆಮೇಲೆ ಮೂರರಿಂದ ಐದನೇ ತರಗತಿ 3, ಆರರಿಂದ ಎಂಟು 3, ಒಂಬತ್ತರಿಂದ ಹನ್ನೆರಡು 4. ಯಾಕೆ ಹೀಗೆ ಅಂದ್ರೆ ಓದು, ಬರಹ, ಕೂಡಿಸು ಕಳೆ ಇವುಗಳ ಬೇರು ಎಂಟು ವರ್ಷದೊಳಗೇ ಇಳೀಬೇಕು ಅನ್ನೋದು ನೀತಿ ಬರೆದವರ ವಿಚಾರ.

ಮಹಾರಾಷ್ಟ್ರದಲ್ಲಿ ಇದಕ್ಕೆ ತಕ್ಕ ಹೊಸ ಪಠ್ಯಕ್ರಮ 2025-26ರಲ್ಲಿ ಒಂದನೇ ತರಗತಿಯಿಂದ ಶುರುವಾಯ್ತು, ಉಳಿದ ತರಗತಿಗಳಿಗೆ ವರ್ಷ ವರ್ಷ ಹಂತ ಹಂತವಾಗಿ ಅಂತ ವೇಳಾಪಟ್ಟಿ. "ಸಿಬಿಎಸ್‌ಇ ಪ್ಯಾಟರ್ನ್" ಅಂತ ಸುದ್ದಿಯಾಗಿದ್ದು ಇದೇ. ಹಾಗಂತ ಬೋರ್ಡ್ ಬದಲಾಗಲ್ಲ, ಹತ್ತನೇ ಪರೀಕ್ಷೆ ರಾಜ್ಯ ಮಂಡಳಿಯ ಎಸ್‌ಎಸ್‌ಸಿಯೇ, ಅದನ್ನ ಕನ್ನಡದಲ್ಲೂ ಬರೀಬಹುದು. ಕನ್ನಡ ಮಾಧ್ಯಮದ ಪುಸ್ತಕ ಮಾಡೋದು ಪುಣೆಯ ಬಾಲಭಾರತಿ ಅನ್ನೋ ಸಂಸ್ಥೆ. ಮುಂಬಯಿಯ ಮಗು, ಸೊಲ್ಲಾಪುರ ಅಕ್ಕಲಕೋಟೆ ಕಡೆಯ ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಮಗು, ಇಬ್ಬರ ಚೀಲದಲ್ಲೂ ಅದೇ ಪುಸ್ತಕ.

ಮಾಧ್ಯಮದ ವಿಷಯದಲ್ಲಿ ಎನ್‌ಇಪಿ ಹೇಳೋದು ಏನಂದ್ರೆ, ಸಾಧ್ಯ ಇರೋ ಕಡೆಯೆಲ್ಲಾ ಕನಿಷ್ಠ ಐದನೇ ತರಗತಿವರೆಗೆ, ಆಗೋದಾದ್ರೆ ಎಂಟರವರೆಗೂ, ಮನೆಮಾತಲ್ಲೋ ಮಾತೃಭಾಷೆಯಲ್ಲೋ ಸ್ಥಳೀಯ ಭಾಷೆಯಲ್ಲೋ ಕಲಿಸಬೇಕು ಅಂತ. ಆ "ಸಾಧ್ಯ ಇರೋ ಕಡೆ" ಅನ್ನೋ ಎರಡು ಮೂರು ಪದದಲ್ಲೇ ನಮ್ಮ ಕಥೆಯೆಲ್ಲಾ ಇದೆ, ಮುಂದೆ ಬರತ್ತೆ.

ಮೂರು ಭಾಷೆಯ ಗಲಾಟೆ ಎಲ್ಲಿಂದ ಬಂತು

ಶಾಲೆಯಲ್ಲಿ ಮೂರು ಭಾಷೆ ಕಲಿಸಬೇಕು ಅನ್ನೋ ತ್ರಿಭಾಷಾ ಸೂತ್ರ ಹೊಸದೇನಲ್ಲ. 1964-66ರ ಕೊಠಾರಿ ಆಯೋಗ ಹೇಳಿತ್ತು, 1968ರ ಶಿಕ್ಷಣ ನೀತಿಯಲ್ಲಿ ಬಂತು. 2020ರ ನೀತಿಯಲ್ಲೂ ಉಳೀತು, ಆದ್ರೆ ಯಾವ ರಾಜ್ಯದ ಮೇಲೂ ಯಾವ ಭಾಷೆಯನ್ನೂ ಹೇರಲ್ಲ, ಮೂರರಲ್ಲಿ ಎರಡು ಭಾರತದ ಭಾಷೆಗಳಾಗಿದ್ರೆ ಸಾಕು ಅಂತ ಅದರಲ್ಲೇ ಬರೆದಿದೆ.

ಮಹಾರಾಷ್ಟ್ರದ ರಾಜ್ಯ ಪಠ್ಯಕ್ರಮದಲ್ಲಿ ಹಿಂದಿ ಮೊದಲು ಐದನೇ ತರಗತಿಯಿಂದ ಇತ್ತು. 2025ರ ಏಪ್ರಿಲ್ 16ರ ಜೀಆರ್ ಅದನ್ನ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಗೇ ತಂದು ಕಡ್ಡಾಯ ಅಂತು. ವಿರೋಧ ಜೋರಾಯ್ತು, ಒಂದು ವಾರದೊಳಗೆ "ಕಡ್ಡಾಯ" ಅನ್ನೋ ಪದಕ್ಕೆ ತಡೆ ಅಂತ ಶಿಕ್ಷಣ ಮಂತ್ರಿ ದಾದಾಜಿ ಭುಸೆ ಹೇಳಿದ್ರು. ಜೂನ್ 17ಕ್ಕೆ ಇನ್ನೊಂದು ಜೀಆರ್, ಈ ಸಲ ಹಿಂದಿ "ಸಾಮಾನ್ಯವಾಗಿ" ಮೂರನೇ ಭಾಷೆ, ಬೇರೆ ಭಾರತೀಯ ಭಾಷೆ ಬೇಕಂದ್ರೆ ಆ ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಕೇಳಬೇಕು, ಕೇಳಿದ್ರೆ ಟೀಚರ್, ಇಲ್ಲದಿದ್ರೆ ಆನ್‌ಲೈನ್. ಗಲಾಟೆ ಇನ್ನೂ ಹೆಚ್ಚಾಯ್ತು. ಜೂನ್ 29ಕ್ಕೆ ಎರಡೂ ಜೀಆರ್ ವಾಪಸ್, ಅರ್ಥಶಾಸ್ತ್ರಜ್ಞ ನರೇಂದ್ರ ಜಾಧವ್ ಅಧ್ಯಕ್ಷತೆಯಲ್ಲಿ ಸಮಿತಿ. ಜುಲೈ 5ಕ್ಕೆ ಅಂತ ಇಟ್ಟಿದ್ದ ಪ್ರತಿಭಟನೆ ಮುಂಬಯಿಯ ವರ್ಲಿಯಲ್ಲಿ ವಿಜಯ ಸಭೆಯಾಗಿ, ಬೇರೆ ಬೇರೆ ಪಕ್ಷದ ನಾಯಕರಾದ ಉದ್ಧವ್ ಠಾಕ್ರೆ, ರಾಜ್ ಠಾಕ್ರೆ ಒಂದೇ ವೇದಿಕೆಯಲ್ಲಿ ಕಂಡ್ರು. ಸಮಿತಿ ಊರೂರು ತಿರುಗಿ ಜನರ ಅಭಿಪ್ರಾಯ ಕೇಳ್ತು, ಮುಖ್ಯ ಪ್ರಶ್ನೆ ಮೂರನೇ ಭಾಷೆ ಎಷ್ಟನೇ ತರಗತಿಯಿಂದ ಅನ್ನೋದು.

ಬೇಕು ಅನ್ನೋರ ಮಾತು, ಚಿಕ್ಕ ಮಕ್ಕಳಿಗೆ ಭಾಷೆ ಬೇಗ ಹತ್ತತ್ತೆ, ಹಿಂದಿ ಎಲ್ಲಾ ಕಡೆ ಉಪಯೋಗಕ್ಕೆ ಬರತ್ತೆ. ಬೇಡ ಅನ್ನೋರ ಮಾತು, ಕಿವಿಯಿಂದ ಕಲಿಯೋದು ಬೇರೆ, ಆರು ವರ್ಷದ ಮಗುವಿಗೆ ಪುಸ್ತಕ ಪರೀಕ್ಷೆ ಇಟ್ಟು ಕಲಿಸೋದು ಬೇರೆ, ಮೊದಲು ಮರಾಠಿ ಗಟ್ಟಿಯಾಗಲಿ. ನಮ್ಮ ಕರ್ನಾಟಕದಲ್ಲೂ ಇದೇ ಚರ್ಚೆ ನಡೆದಿದೆ, ಸುಖದೇವ್ ಥೋರಾಟ್ ಅಧ್ಯಕ್ಷತೆಯ ಕರ್ನಾಟಕ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಎರಡೇ ಭಾಷೆ ಸಾಕು ಅಂತ ಶಿಫಾರಸು ಮಾಡಿತು.

ಕನ್ನಡ ಶಾಲೆಯಲ್ಲಿ ಮೂರು ಭಾಷೆ ಆಗಲೇ ಇದೆ

ಟಿವಿ ಚರ್ಚೆಯಲ್ಲಿ ಯಾರೂ ಹೇಳದ ವಿಷಯ ಇದು. ಬೀಎಂಸಿ, ಅಂದ್ರೆ ಮುಂಬಯಿ ಮಹಾನಗರಪಾಲಿಕೆ, ಮರಾಠಿ, ಹಿಂದಿ, ಉರ್ದು, ಗುಜರಾತಿ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಹೀಗೆ ಎಂಟು ಮಾಧ್ಯಮದಲ್ಲಿ ಶಾಲೆ ನಡೆಸತ್ತೆ. ಮರಾಠಿ, ಇಂಗ್ಲಿಷ್ ಬಿಟ್ಟು ಬೇರೆ ಮಾಧ್ಯಮದ ಶಾಲೆಗಳಲ್ಲಿ ಮಾಧ್ಯಮದ ಭಾಷೆ, ಮರಾಠಿ, ಇಂಗ್ಲಿಷ್ ಅಂತ ಮೂರು ಭಾಷೆ ಮೊದಲೇ ಇದೆ, ಏಪ್ರಿಲ್ ಜೀಆರ್‌ನಲ್ಲೂ ಇದನ್ನೇ ಹೇಳಿದ್ರು. ಅಂದ್ರೆ ಉಳಿದ ಮಕ್ಕಳಿಗೆ ಬೇಕಾ ಬೇಡವಾ ಅಂತ ಇಡೀ ರಾಜ್ಯ ಜಗಳಾಡಿದ ಆ ಹೊರೆಯನ್ನ ನಮ್ಮ ಕೂಲಿ ಕೆಲಸದವರ ಮಕ್ಕಳು ಆಗಲೇ ಹೊತ್ಕೊಂಡು ನಡೀತಿದ್ದಾರೆ, ಅದೂ ಹೆಚ್ಚೇ. ಮರಾಠಿ ಹಿಂದಿ ಎರಡಕ್ಕೂ ಲಿಪಿ ಒಂದೇ, ದೇವನಾಗರಿ. ನಮ್ಮ ಮಗುವಿಗೆ ಕನ್ನಡ, ದೇವನಾಗರಿ, ಎಬಿಸಿಡಿ ಅಂತ ಮೂರು ಬೇರೆ ಬೇರೆ ಲಿಪಿ.

ಆ ಕಲಬುರಗಿ ತಾಯಿಯ ಮಗಳು ಎರಡನೇ ತರಗತಿ. ಒಂದು ಸಂಜೆ ಅವಳ ಕಾಪಿಯಲ್ಲಿ "ದಸರ" ಅಂತ ಬರೆದಿದ್ಲು. ಕನ್ನಡದಲ್ಲಿ ದ, ಸ, ರ ಮೂರಕ್ಕೂ ತಲೆಕಟ್ಟು ಬೇರೆ ಬೇರೆ ಇರಬೇಕು ತಾನೇ, ಅವಳು ಸ್ಕೇಲ್ ಇಟ್ಟು ಮೂರಕ್ಕೂ ಸೇರಿಸಿ ಒಂದೇ ಉದ್ದ ಗೆರೆ ಎಳೆದಿದ್ಲು, ಬಟ್ಟೆ ಒಣಗಿಸೋ ಹಗ್ಗಕ್ಕೆ ಅಕ್ಷರ ನೇತುಹಾಕಿದ ಹಾಗೆ ಕಾಣ್ತಿತ್ತು. ಮರಾಠಿ ಕಾಪಿ ತೆಗೆದು ನೋಡಿದ್ರೆ ಅಲ್ಲೂ ಅದೇ ಪದ, ಮೇಲೆ ಅದೇ ಗೆರೆ, ಅಲ್ಲಿ ಅದು ಸರಿ. ತಪ್ಪು ಅಂತ ಕೆಂಪು ಗೀಟು ಹಾಕಿದ್ರೆ ಮಗುವಿಗೆ ಏನೂ ತಿಳಿಯಲ್ಲ, ಎರಡು ಕಾಪಿ ಪಕ್ಕಪಕ್ಕ ಇಟ್ಟು ತೋರಿಸಿದ್ಮೇಲೆ ಒಂದೇ ನಿಮಿಷದಲ್ಲಿ ತಿಳೀತು.

ಇನ್ನೊಂದು ದಿನ ಮರಾಠಿ ಪಾಠದಲ್ಲಿ "ತಾಈ ಶಾಳೇತ ಜಾತೇ" ಅಂತ ಬಂತು. ಮರಾಠಿಯಲ್ಲಿ ತಾಈ ಅಂದ್ರೆ ಅಕ್ಕ. ಅವಳು ಗಂಭೀರವಾಗಿ ಕೇಳಿದ್ಲು, "ಟೀಚರ, ತಾಯಿ ಯಾಕ ಸಾಲಿಗೆ ಹೋಗ್ತಾಳ್ರಿ?" ಕನ್ನಡ ಮರಾಠಿ ಎರಡೂ ಬಲ್ಲ ಟೀಚರಿಗೆ ಈ ಪ್ರಶ್ನೆಯ ಬುಡ ತಕ್ಷಣ ಗೊತ್ತಾಗತ್ತೆ. ಕನ್ನಡ ಬಾರದವರಿಗೆ ಹುಡುಗಿ ದಡ್ಡಿ ಅನ್ನಿಸಬಹುದು. ಮನೆಮಾತಲ್ಲಿ ಕಲಿಸೋದು ಅಂತ ನೀತಿಯಲ್ಲಿ ದೊಡ್ಡದಾಗಿ ಬರೆದಿರೋದರ ಅರ್ಥ ಇಷ್ಟೇ, ಮಗು ಎಲ್ಲಿ ಎಡವಿತು ಅಂತ ಟೀಚರಿಗೆ ಕಾಣಬೇಕು. ಹಾಗೆ ಕಾಣೋ ಟೀಚರ್ ಆ ಶಾಲೆಯಲ್ಲಿ ಇರಬೇಕಲ್ಲ, ಪ್ರಶ್ನೆ ಅದು.

ಟೀಚರ್ ಎಷ್ಟು ಅಂತ ತೀರ್ಮಾನ ಮಾಡೋದು ಯಾರು

ಮಹಾರಾಷ್ಟ್ರದ ಶಾಲೆಯಲ್ಲಿ ಕೆಲಸ ಮಾಡೋರ ಬಾಯಲ್ಲಿ ಎರಡು ಪದ ದಿನಾ ಕೇಳ್ತೀರಿ. ಒಂದು ಪಟಸಂಖ್ಯೆ, ಅಂದ್ರೆ ದಾಖಲಾದ ಮಕ್ಕಳ ಲೆಕ್ಕ. ಇನ್ನೊಂದು ಸಂಚಮಾನ್ಯತೆ, ಅಂದ್ರೆ ಆ ಲೆಕ್ಕ ನೋಡಿ ಈ ಶಾಲೆಗೆ ಇಷ್ಟು ಟೀಚರ್ ಹುದ್ದೆ ಅಂತ ಸರಕಾರ ಪ್ರತಿ ವರ್ಷ ಮಂಜೂರು ಮಾಡೋದು.

ಆರ್‌ಟಿಇ ಕಾಯ್ದೆಯ ಲೆಕ್ಕ ಹೀಗಿದೆ. ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ ಒಟ್ಟು 60 ಮಕ್ಕಳವರೆಗೆ 2 ಟೀಚರ್, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಈಗ ಒಂದು ಶಾಲೆಯಲ್ಲಿ 58 ಮಕ್ಕಳಿದ್ದಾರೆ ಅಂದ್ಕೊಳ್ಳಿ. ಐದು ತರಗತಿ, ಇಬ್ಬರೇ ಟೀಚರ್. ಒಬ್ಬರು ಒಂದು ಎರಡನ್ನ ಒಟ್ಟಿಗೆ ಕೂರಿಸಿ ನಡೆಸಿದ್ರೆ ಇನ್ನೊಬ್ಬರಿಗೆ ಮೂರು ನಾಲ್ಕು ಐದು ಒಂದೇ ಕೋಣೆಯಲ್ಲಿ, ಮೂರನೇಯವರಿಗೆ ಮಗ್ಗಿ ಬರೀರಿ ಅಂತ ಹೇಳಿ ಐದನೇಯವರಿಗೆ ಭಾಗಾಕಾರ ಹೇಳಬೇಕು, ಅಷ್ಟರಲ್ಲಿ ನಾಲ್ಕನೇಯವರು ಸುಮ್ನೆ ಕೂತಿರ್ತಾರೆ. ಅದೇ ಶಾಲೆಗೆ ಇನ್ನು ಮೂರೇ ಮೂರು ಮಕ್ಕಳು ಸೇರಿದ್ರೆ 61 ಆಯ್ತು, ಇನ್ನೊಂದು ಹುದ್ದೆಗೆ ಹಕ್ಕು ಬಂತು.

ನಮ್ಮ ಉಡುಪಿ ಹೋಟೆಲ್ ಲೆಕ್ಕವೇ ಇದು. ಗಿರಾಕಿ ಎಣಿಸಿ ಮಾಣಿಗಳನ್ನ ಇಡ್ತಾರೆ, ಗಿರಾಕಿ ಕಡಿಮೆಯಾದ್ರೆ ಮಾಣಿ ಕಡಿಮೆ, ಮಾಣಿ ಕಡಿಮೆಯಾದ್ರೆ ದೋಸೆ ಬರೋದು ತಡ, ತಡ ಆಯ್ತು ಅಂತ ಇನ್ನಷ್ಟು ಗಿರಾಕಿ ಪಕ್ಕದ ಹೋಟೆಲಿಗೆ. ಶಾಲೆಯಲ್ಲೂ ಹಾಗೇ, ಟೀಚರ್ ಇಲ್ಲ ಅಂತ ಪೋಷಕರು ಇಂಗ್ಲಿಷ್ ಮಾಧ್ಯಮಕ್ಕೆ ಹಾಕ್ತಾರೆ, ಹಾಕಿದ್ರಿಂದ ಪಟಸಂಖ್ಯೆ ಇಳಿಯತ್ತೆ, ಇಳಿದಿದ್ರಿಂದ ಇನ್ನೊಬ್ಬ ಟೀಚರ್ ಹೋಗ್ತಾರೆ. ಯಾರೂ ಶಾಲೆ ಮುಚ್ಚಿ ಅಂತ ಆದೇಶ ಕೊಡಬೇಕಾಗಿಲ್ಲ.

2024ರ ಮಾರ್ಚ್ 15ರ ಜೀಆರ್ ಈ ಲೆಕ್ಕವನ್ನ ಇನ್ನಷ್ಟು ಬಿಗಿ ಮಾಡಿತು, ಆರರಿಂದ ಎಂಟನೇ ತರಗತಿಯಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿದ್ರೆ ಅಲ್ಲಿಗೆ ಹುದ್ದೆಯೇ ಇಲ್ಲ ಅನ್ನೋದು ಶಿಕ್ಷಕ ಸಂಘಟನೆಗಳ ಸಿಟ್ಟಿಗೆ ಕಾರಣ. ಅದಕ್ಕೂ ಮೊದಲು 2023ರಲ್ಲಿ ಸಮೂಹ ಶಾಲೆ ಅಂತ ಒಂದು ಯೋಜನೆ ಮುಂದೆ ಬಂತು, ಅಂದ್ರೆ ಸುತ್ತಮುತ್ತಲಿನ ಪುಟ್ಟ ಶಾಲೆಗಳ ಮಕ್ಕಳನ್ನ ಬಸ್ಸಲ್ಲಿ ತಂದು ಒಂದು ದೊಡ್ಡ ಶಾಲೆಯಲ್ಲಿ ಸೇರಿಸೋದು, ಪುಣೆ ಜಿಲ್ಲೆಯ ಪಾನಶೇತ್ ಇದಕ್ಕೆ ಮಾದರಿ. ಸರಕಾರದ ವಾದ, ಹತ್ತು ಮಕ್ಕಳಿರೋ ಶಾಲೆಯಲ್ಲಿ ಆಟ, ಲ್ಯಾಬು, ಜೊತೆಗಾರರು ಏನೂ ಸಿಗಲ್ಲ. ವಿರೋಧಿಸೋರ ವಾದ, ಶಾಲೆ ದೂರ ಆದ್ರೆ ಮೊದಲು ಮನೇಲಿ ಕೂರೋದು ಹೆಣ್ಣುಮಕ್ಕಳು. ಎರಡರಲ್ಲೂ ತಥ್ಯ ಇದೆ.

ಟೀಚರುಗಳ ಮೇಲೆ ಇನ್ನೊಂದು ಒತ್ತಡವೂ ಇದೆ. 2025ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರೋ ಹಳೇ ಟೀಚರುಗಳೂ ಎರಡು ವರ್ಷದೊಳಗೆ ಟಿಇಟಿ ಅನ್ನೋ ಅರ್ಹತಾ ಪರೀಕ್ಷೆ ಪಾಸು ಮಾಡಬೇಕು ಅಂತ ಹೇಳ್ತು.

ಒಂದು ಕಿಲೋಮೀಟರ್ ಒಳಗೆ ಶಾಲೆ, ಆದ್ರೆ ಯಾವ ಭಾಷೆಯದ್ದು?

ಮರಾಠಿ ಶಾಲೆ ಒಂದು ಮುಚ್ಚಿದ್ರೂ ಆ ಮಗುವಿಗೆ ಮುಂದಿನ ಗಲ್ಲಿಯಲ್ಲಿ ಇನ್ನೊಂದು ಮರಾಠಿ ಶಾಲೆ ಸಿಗಬಹುದು. ಕನ್ನಡ ಶಾಲೆ ಒಂದು ಮುಚ್ಚಿದ್ರೆ ಮುಂದಿನ ಕನ್ನಡ ಶಾಲೆ ಎಷ್ಟೋ ಸ್ಟೇಷನ್ ಆಚೆ. ವಡಾಲದ ಎನ್‌ಕೆಇಎಸ್ (ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ) ಥರ ನಮ್ಮ ಹಿರಿಯರು ಕಟ್ಟಿದ ಸಂಸ್ಥೆಗಳಿವೆ, ಹಗಲು ಹೋಟೆಲಲ್ಲಿ ದುಡಿದ ಹುಡುಗರು ರಾತ್ರಿ ಓದಿದ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳ ನೆನಪಿದೆ, ಆದ್ರೆ ಆರು ವರ್ಷದ ಮಗುವನ್ನ ದಿನಾ ಲೋಕಲ್ ರೈಲಲ್ಲಿ ಹತ್ತಿಸಿ ಕಳಿಸಕ್ಕಾಗತ್ತಾ?

ಇಲ್ಲಿ ಕಾನೂನಿನ ಎರಡು ತುದಿ ಒಂದಕ್ಕೊಂದು ಸೇರಲ್ಲ, ಗಮನಿಸಿ. ಆರ್‌ಟಿಇ ಪ್ರಕಾರ ಒಂದರಿಂದ ಐದಕ್ಕೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು, ಆದ್ರೆ ಯಾವ ಮಾಧ್ಯಮದ ಶಾಲೆ ಅಂತ ಅದು ಹೇಳಲ್ಲ. ಸಂವಿಧಾನದ 350ಎ ವಿಧಿ, 1956ರಲ್ಲಿ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯ ಕೊಡಕ್ಕೆ ರಾಜ್ಯ ಪ್ರಯತ್ನಿಸಬೇಕು ಅನ್ನತ್ತೆ, ಆದ್ರೆ ಎಷ್ಟು ದೂರದಲ್ಲಿ ಅಂತ ಹೇಳಲ್ಲ. 1949ರ ಆಗಸ್ಟ್‌ನಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಲೆಕ್ಕ ಹಾಕಿತ್ತು, ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ರೆ ಒಬ್ಬ ಟೀಚರನ್ನಾದ್ರೂ ಕೊಡಬೇಕು ಅಂತ. 2025ರ ಜೂನ್ ಜೀಆರ್‌ನಲ್ಲಿ ಕಂಡಿದ್ದು ಮೂರನೇ ಭಾಷೆಗೆ 20. ಭಾಷೆಯ ಹಕ್ಕು ಯಾವತ್ತೂ ತಲೆ ಎಣಿಸಿಯೇ ಕೈಗೆ ಬಂದಿದೆ, ಎನ್‌ಇಪಿಯ ಆ "ಸಾಧ್ಯ ಇರೋ ಕಡೆ"ಯೂ ನೆಲದ ಮೇಲೆ ಇದೇ ಎಣಿಕೆ.

ಕನ್ನಡದಲ್ಲೇ ಓದಿಸಿ ಅಂತ ಯಾರನ್ನೂ ಬಲವಂತ ಮಾಡೋ ಹಾಗೂ ಇಲ್ಲ. ಕರ್ನಾಟಕ ಸರಕಾರದ ಕೇಸಲ್ಲೇ 2014ರ ಮೇ 6ಕ್ಕೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ, ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನಿಸೋರು ತಂದೆತಾಯಿ, ಮಾಧ್ಯಮವನ್ನ ಸರಕಾರ ಹೇರೋ ಹಾಗಿಲ್ಲ ಅಂತ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ತಂದೆತಾಯಿಯನ್ನ ನಾನು ಯಾವತ್ತೂ ಬೈಯಲ್ಲ, ಮಗು ಹೋಟೆಲ್ ಅಡುಗೆಮನೆಗೋ ಸಿಮೆಂಟ್ ಕೆಲಸಕ್ಕೋ ಹೋಗಬಾರದು ಅನ್ನೋ ಆಸೆ ಅದು. ಕನ್ನಡ ಶಾಲೆ ಆರಿಸಿಕೊಂಡವರಿಗೆ ಅಲ್ಲಿ ನಿಜವಾಗಿ ಟೀಚರ್ ಸಿಗಬೇಕು ಅನ್ನೋದಷ್ಟೇ ನನ್ನ ಕಾಳಜಿ.

ಪೋಷಕರು ಏನು ಕೇಳಬಹುದು

ಸೇರಿಸೋ ಮೊದಲು ಹೆಡ್‌ಮಾಸ್ತರರನ್ನ ಕೇಳಿ, ಈಗ ಪಟಸಂಖ್ಯೆ ಎಷ್ಟು, ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಖಾಲಿ ಎಷ್ಟು, ಶಾಲೆ ಎಷ್ಟನೇ ತರಗತಿಗೆ ಮುಗಿಯತ್ತೆ, ಅಲ್ಲಿಂದ ಮುಂದೆ ಕನ್ನಡದಲ್ಲಿ ಹತ್ತನೇವರೆಗೆ ಓದಕ್ಕೆ ಯಾವ ಹೈಸ್ಕೂಲಿಗೆ ಹೋಗಬೇಕು. ಈ ಕೊನೇ ಪ್ರಶ್ನೆ ಬಹಳ ಜನ ಕೇಳಲ್ಲ, ಆಮೇಲೆ ಎಂಟನೇಯಲ್ಲಿ ಮಗು ದಿಢೀರ್ ಅಂತ ಬೇರೆ ಮಾಧ್ಯಮಕ್ಕೆ ಬಿದ್ದು ಒದ್ದಾಡತ್ತೆ.

ಸರಕಾರಿ, ಪಾಲಿಕೆ, ಅನುದಾನಿತ ಶಾಲೆಗಳಲ್ಲಿ ಶಾಲಾ ವ್ಯವಸ್ಥಾಪನ ಸಮಿತಿ ಅಂತ ಇರತ್ತೆ, ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಕಾಯ್ದೆಯೇ ಹೇಳತ್ತೆ. ಟೀಚರ್ ಬೇಕು ಅಂತ ಒಬ್ಬರೇ ಹೋಗಿ ವಾರ್ಡ್ ಆಫೀಸಲ್ಲಿ ಕಾಯೋದಕ್ಕೂ ಸಮಿತಿಯ ಠರಾವು ಹಿಡ್ಕೊಂಡು ಹೋಗೋದಕ್ಕೂ ವ್ಯತ್ಯಾಸ ಇದೆ.

ಮಳೆ ನಿಲ್ಲೋವರೆಗೆ ಆ ತಾಯಿಗೆ ನಾನು ಇಷ್ಟೆಲ್ಲಾ ಹೇಳಲಿಲ್ಲ, 60 ಮತ್ತು 61ರ ಲೆಕ್ಕ ಮಾತ್ರ ಬೆರಳು ಮಡಚಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ನಮ್ಮ ಗಲ್ಲ್ಯಾಗ ಮೂರು ಹುಡುಗ್ರು ಮನಿಯಾಗ ಕುಂತಾವ್ರಿ, ಊರಿಂದ ಟೀಸಿ ಬಂದಿಲ್ಲಂತ ಸಾಲಿಗೆ ಹಚ್ಚಿಲ್ಲ" ಅಂದ್ರು. ಆರ್‌ಟಿಇ ಕಾಯ್ದೆಯ ಐದನೇ ಕಲಂನಲ್ಲಿ ಇದಕ್ಕೆ ನೇರ ಉತ್ತರ ಇದೆ, ಟೀಸಿ ತಡ ಆಯ್ತು ಅಂತ ಪ್ರವೇಶ ತಡ ಮಾಡೋ ಹಾಗಿಲ್ಲ, ನಿರಾಕರಿಸೋ ಹಾಗೂ ಇಲ್ಲ. ಹುಟ್ಟಿದ ತಾರೀಕಿನ ಕಾಗದ ಇಲ್ಲ ಅಂತಲೂ ವಾಪಸ್ ಕಳಿಸೋ ಹಾಗಿಲ್ಲ, ಅದು ಹದಿನಾಲ್ಕನೇ ಕಲಂ. ಜೂನ್ ದಾಟಿದ್ರೂ ಸೇರಿಸ್ಕೊಳ್ಳಲೇಬೇಕು, ಅದು ಹದಿನೈದು. ಅವರ ಮೊಬೈಲಲ್ಲಿ ಆ ಮೂರು ನಂಬರ್ ಬರೆದುಕೊಟ್ಟೆ, 5, 14, 15.